ಬೆಂಗಳೂರು–ಮೈಸೂರು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಮೈಸೂರಿಗೆ ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆಗೆ ಒಬ್ಬರು ಇಪ್ಪತ್ತು ನಿಮಿಷ ಎನ್ನುತ್ತಾರೆ, ಇನ್ನೊಬ್ಬರು ಒಂದು ಗಂಟೆ ಎನ್ನುತ್ತಾರೆ, ಮತ್ತೊಬ್ಬರು ನಾಲ್ಕು ಗಂಟೆ ಎನ್ನುತ್ತಾರೆ. ಮೂರು ಉತ್ತರಗಳೂ ಅವುಗಳ ಮಟ್ಟಿಗೆ ಸರಿಯೇ, ಆದರೆ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಟಿಕೆಟ್ ಕಾಯ್ದಿರಿಸುವ ಮೊದಲು, ಅದರಲ್ಲೂ ವಯಸ್ಸಾದ ತಂದೆತಾಯಿಯರಿಗಾಗಿ ಪ್ರಯಾಣ ಗೊತ್ತುಮಾಡುವ ಮೊದಲು, ಈ ವ್ಯತ್ಯಾಸ ತಿಳಿದಿರಲಿ ಎಂಬ ಉದ್ದೇಶದಿಂದ ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ.

ಎರಡು ವಿಮಾನ ನಿಲ್ದಾಣಗಳ ನಡುವಿನ ವಾಯುದೂರ ಎಷ್ಟು?

ದೇವನಹಳ್ಳಿಯ ಬಳಿ ಇರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮಂಡಕಳ್ಳಿಯಲ್ಲಿರುವ ಮೈಸೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 156 ಕಿ.ಮೀ. ದೂರವಿದೆ. ವೈಮಾನಿಕ ಕ್ಷೇತ್ರದಲ್ಲಿ ದೂರವನ್ನು ನಾಟಿಕಲ್ ಮೈಲಿಗಳಲ್ಲಿ ಹೇಳುವುದು ರೂಢಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಆದ್ದರಿಂದ ಆ ಲೆಕ್ಕದಲ್ಲಿ ಇದು ಸುಮಾರು 84 ನಾಟಿಕಲ್ ಮೈಲಿ. ಬೆಂಗಳೂರಿನಿಂದ ಹೊರಟ ವಿಮಾನ ನೈಋತ್ಯ ದಿಕ್ಕಿಗೆ ಸಾಗುತ್ತದೆ.

ಈ ಅಂಕಿಯನ್ನು ನಾವೇ ಲೆಕ್ಕ ಹಾಕಿ ನೋಡಬಹುದೇ?

ಖಂಡಿತ ನೋಡಬಹುದು, ಅದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. ಬೆಂಗಳೂರು ವಿಮಾನ ನಿಲ್ದಾಣ ಸುಮಾರು 13.198 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77.706 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೈಸೂರು ನಿಲ್ದಾಣ ಸುಮಾರು 12.230 ಡಿಗ್ರಿ ಉತ್ತರ ಮತ್ತು 76.656 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶಗಳ ನಡುವಿನ ವ್ಯತ್ಯಾಸ 0.968 ಡಿಗ್ರಿ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 110.6 ಕಿ.ಮೀ. ಆಗುವುದರಿಂದ ಮೈಸೂರು ನಿಲ್ದಾಣ 107 ಕಿ.ಮೀ. ದಕ್ಷಿಣಕ್ಕಿದೆ ಎಂದಾಯಿತು. ರೇಖಾಂಶಗಳ ವ್ಯತ್ಯಾಸ 1.05 ಡಿಗ್ರಿ. ರೇಖಾಂಶಗಳು ಧ್ರುವಗಳತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ಒಂದು ಡಿಗ್ರಿಗೆ ಸುಮಾರು 108.6 ಕಿ.ಮೀ. ಮಾತ್ರ ಹಿಡಿಯಬೇಕು, ಆಗ 114 ಕಿ.ಮೀ. ಪಶ್ಚಿಮಕ್ಕೆ ಎಂದು ಸಿಗುತ್ತದೆ. 107ರ ವರ್ಗ ಮತ್ತು 114ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 156 ಬರುತ್ತದೆ.

ಭೂಮಿ ದುಂಡಗಿರುವಾಗ ಸಮತಟ್ಟಾದ ತ್ರಿಕೋನದ ಸೂತ್ರ ಹೇಗೆ ನಡೆಯುತ್ತದೆ ಎಂಬ ಸಂದೇಹ ಸಹಜ. ಬೆಂಗಳೂರಿನಿಂದ ಲಂಡನ್ನಿಗೆ ಈ ಸೂತ್ರ ಹಚ್ಚಿದರೆ ಉತ್ತರ ದೊಡ್ಡದಾಗಿ ತಪ್ಪುತ್ತದೆ. ಆದರೆ ನೂರೈವತ್ತು ಕಿಲೋಮೀಟರಿನ ಅಂತರದಲ್ಲಿ ಭೂಮಿಯ ಬಾಗು ತರುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಬೇರೆ ಬೇರೆ ಕಡೆ 155, 156, 157 ಎಂಬ ಅಂಕಿಗಳು ಕಾಣಿಸಿದರೆ ಗಲಿಬಿಲಿ ಬೇಡ. ನಿಲ್ದಾಣದ ಯಾವ ಬಿಂದುವಿನಿಂದ ಅಳೆದರು ಎಂಬುದರ ಮೇಲೆ ಅಷ್ಟು ಹೆಚ್ಚು ಕಡಿಮೆ ಆಗುತ್ತದೆ, ಏಕೆಂದರೆ ಬೆಂಗಳೂರಿನ ಒಂದೊಂದು ರನ್‌ವೇಯೇ 4 ಕಿ.ಮೀ. ಉದ್ದವಿದೆ.

ಬೆಂಗಳೂರು–ಮೈಸೂರು 140 ಕಿ.ಮೀ. ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ನೇರ ಗೆರೆಯ ದೂರ ಅದಕ್ಕಿಂತ ಹೆಚ್ಚಾಗುವುದು ಹೇಗೆ?

ಊರಿನಿಂದ ಊರಿಗೆ ಇರುವ ದೂರ ಬೇರೆ, ನಿಲ್ದಾಣದಿಂದ ನಿಲ್ದಾಣಕ್ಕೆ ಇರುವ ದೂರ ಬೇರೆ. ಬೆಂಗಳೂರು ನಗರದ ನಡುಮಧ್ಯದಿಂದ ಮೈಸೂರು ನಗರದ ನಡುಮಧ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 125 ಕಿ.ಮೀ. ಆಗುತ್ತದೆ. ರೈಲು ಹಳಿಯ ಮೇಲೆ ಇದು 140 ಕಿ.ಮೀ.ಗೆ ತುಸು ಕಡಿಮೆ, ರಸ್ತೆಯಲ್ಲಿ ಸುಮಾರು 145 ಕಿ.ಮೀ.

ಆದರೆ ವಿಮಾನ ನಿಲ್ದಾಣಗಳ ವಿಷಯದಲ್ಲಿ ಎರಡೂ ಊರುಗಳು ತಮ್ಮ ನಿಲ್ದಾಣವನ್ನು ಎದುರು ಊರಿಗೆ ಬೆನ್ನುಮಾಡಿ ಕಟ್ಟಿಕೊಂಡಿವೆ. ಮೈಸೂರು ಬೆಂಗಳೂರಿನ ನೈಋತ್ಯಕ್ಕಿದ್ದರೆ ಬೆಂಗಳೂರಿನ ವಿಮಾನ ನಿಲ್ದಾಣ ನಗರದ ಈಶಾನ್ಯಕ್ಕೆ, ಮಹಾತ್ಮ ಗಾಂಧಿ ರಸ್ತೆಯಿಂದ ಸುಮಾರು 35 ಕಿ.ಮೀ. ಆಚೆ ಇದೆ. ಮೈಸೂರಿನದು ನಗರದ ದಕ್ಷಿಣಕ್ಕೆ, ನಂಜನಗೂಡು ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರದಲ್ಲಿದೆ. ಹೀಗಾಗಿ ಜಯನಗರದ ಒಬ್ಬರು ಮೈಸೂರಿನ ವಿಮಾನ ಹಿಡಿಯಬೇಕಾದರೆ ಮೊದಲು ಮೈಸೂರಿಗೆ ವಿರುದ್ಧ ದಿಕ್ಕಿನಲ್ಲಿ ನಗರವನ್ನು ಪೂರ್ತಿ ದಾಟಿ ದೇವನಹಳ್ಳಿಗೆ ಹೋಗಬೇಕು. ಅಲ್ಲಿಂದ ಹಾರಿ ಮೈಸೂರಿನ ಆಚೆ ಬದಿಯಲ್ಲಿ ಇಳಿದು ಮತ್ತೆ ಹಿಂದಕ್ಕೆ ನಗರಕ್ಕೆ ಬರಬೇಕು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ಹೋದರೆ ನೀವು ಹಿಡಿಯುವ ದಾರಿಯನ್ನು ಅವಲಂಬಿಸಿ ಹೆಚ್ಚುಕಡಿಮೆ 190 ಕಿ.ಮೀ. ಆಗುತ್ತದೆ. ಈ ಮಾರ್ಗದ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಬಹುಪಾಲು ಉತ್ತರಗಳು ಇದನ್ನೇ ಆಧರಿಸಿವೆ.

ಆಕಾಶದಲ್ಲಿ ಇರುವ ಸಮಯ ಎಷ್ಟು?

ಈ ಮಾರ್ಗಕ್ಕೆ ಸೂಕ್ತವಾದ ವಿಮಾನ ಎಟಿಆರ್ 72. ಅದು ಎರಡು ಪ್ರೊಪೆಲ್ಲರುಗಳ, ಎಪ್ಪತ್ತರಿಂದ ಎಪ್ಪತ್ತೆಂಟು ಆಸನಗಳ ವಿಮಾನ. ಅದರ ಪೂರ್ಣ ವೇಗ ಗಂಟೆಗೆ ಸುಮಾರು 500 ಕಿ.ಮೀ. 156ನ್ನು 500ರಿಂದ ಭಾಗಿಸಿದರೆ ಹತ್ತೊಂಬತ್ತು ನಿಮಿಷ ಬರುತ್ತದೆ. ಇಪ್ಪತ್ತು ನಿಮಿಷದಲ್ಲಿ ಮೈಸೂರು ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ.

ವಾಸ್ತವದಲ್ಲಿ ವಿಮಾನ ಆ ವೇಗದಲ್ಲಿ ಸಾಗುವುದು ದಾರಿಯ ನಡುವಿನ ಸ್ವಲ್ಪ ಭಾಗದಲ್ಲಿ ಮಾತ್ರ. ಮೇಲೇರುವಾಗ ಅದರ ವೇಗ ಬಹಳ ಕಡಿಮೆ ಇರುತ್ತದೆ. ಇಳಿಯುವ ಮೊದಲು ವೇಗ ತಗ್ಗಿಸಿ ರನ್‌ವೇಗೆ ಎದುರಾಗಿ ಸಾಲಿಗೆ ಬರಬೇಕಾಗುತ್ತದೆ. ಇಷ್ಟು ಹತ್ತಿರದ ಊರಿಗೆ ಎತ್ತರಕ್ಕೆ ಏರಿ ಪ್ರಯೋಜನವೂ ಇಲ್ಲ. 25,000 ಅಡಿಯವರೆಗೆ ಹೋಗಬಲ್ಲ ವಿಮಾನ ಇಲ್ಲಿ ಅದರ ಅರ್ಧದಷ್ಟು ಎತ್ತರ ಮುಟ್ಟಿ, ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಇವನ್ನೆಲ್ಲ ಕೂಡಿಸಿದರೆ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ಮೂವತ್ತರಿಂದ ನಲವತ್ತು ನಿಮಿಷ ಎಂದು ಎಣಿಸುವುದು ಸರಿ.

ಹಾಗಾದರೆ ವೇಳಾಪಟ್ಟಿಯಲ್ಲಿ ಐವತ್ತೈದು ನಿಮಿಷ ಅಥವಾ ಒಂದು ಗಂಟೆ ಎಂದು ಏಕೆ ತೋರಿಸುತ್ತಾರೆ?

ವೇಳಾಪಟ್ಟಿಯಲ್ಲಿ ಇರುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್. ವಿಮಾನ ನಿಂತಿದ್ದ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ಪೂರ್ತಿ ನಿಲ್ಲುವವರೆಗಿನ ಒಟ್ಟು ಅವಧಿಗೆ ಈ ಹೆಸರು. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ವಿಮಾನ ತನ್ನ ಜಾಗದಿಂದ ರನ್‌ವೇಯ ತುದಿಗೆ ನಿಧಾನವಾಗಿ ಸಾಗಿ, ಮುಂದಿರುವ ವಿಮಾನಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಇದಕ್ಕೇ ಹತ್ತು ನಿಮಿಷ ಬೇಕು. ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಇಪ್ಪತ್ತೂ ಆಗಬಹುದು. ಮೈಸೂರಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಇಳಿದ ವಿಮಾನ ಕೆಲವೇ ನಿಮಿಷಗಳಲ್ಲಿ ಟರ್ಮಿನಲ್ ಮುಂದೆ ಬಂದು ನಿಲ್ಲುತ್ತದೆ.

ರನ್‌ವೇಯ ದಿಕ್ಕಿಗೂ ಇದರಲ್ಲಿ ಪಾತ್ರವಿದೆ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ಮತ್ತು ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಪಶ್ಚಿಮಕ್ಕೆ ಏರಿದ ವಿಮಾನ ಎಡಕ್ಕೆ ಹೊರಳಿದರೆ ಮೈಸೂರಿನ ದಾರಿ ಹಿಡಿದಂತೆಯೇ. ಗಾಳಿ ಮೂಡಣದಿಂದ ಬೀಸುವ ದಿನಗಳಲ್ಲಿ ಅದೇ ವಿಮಾನ ಪೂರ್ವಕ್ಕೆ, ಅಂದರೆ ಹೊಸಕೋಟೆ–ಕೋಲಾರದ ಕಡೆಗೆ ಏರಿ, ಸುತ್ತು ಹಾಕಿ ಹಿಂತಿರುಗಬೇಕು. ಸಾವಿರ ಕಿಲೋಮೀಟರಿನ ಹಾರಾಟದಲ್ಲಿ ಗಮನಕ್ಕೇ ಬಾರದ ಈ ಸುತ್ತು 156 ಕಿಲೋಮೀಟರಿನ ಹಾರಾಟದಲ್ಲಿ ಎದ್ದು ಕಾಣುತ್ತದೆ. ಸಾಲದ್ದಕ್ಕೆ ಯಲಹಂಕದಲ್ಲಿ ವಾಯುಪಡೆಯ ನೆಲೆ ಇದೆ, ನಗರದೊಳಗೆ ಎಚ್‌ಎಎಲ್ ನಿಲ್ದಾಣವಿದೆ. ಇವುಗಳ ವಾಯುಪ್ರದೇಶವನ್ನು ಗಮನದಲ್ಲಿಟ್ಟು ನಿಯಂತ್ರಕರು ತೋರಿಸಿದ ದಾರಿಯಲ್ಲೇ ಪೈಲಟ್ ಸಾಗಬೇಕು. ನಕ್ಷೆಯ ಮೇಲಿನ ನೇರ ಗೆರೆಯನ್ನು ಯಾವ ವಿಮಾನವೂ ಹಾಗೆಯೇ ಅನುಸರಿಸುವುದಿಲ್ಲ.

ಎದುರುಗಾಳಿಯಿಂದ ಎಷ್ಟು ತಡವಾಗಬಹುದು?

ಹೆಚ್ಚೇನಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಗಾಳಿ ಪೂರ್ತಿ ಎದುರಿನಿಂದಲೇ ಬೀಸಿದರೂ ಈ ದೂರಕ್ಕೆ ಸುಮಾರು ಎರಡು ನಿಮಿಷ ಹೆಚ್ಚಾಗುತ್ತದೆ, ಅಷ್ಟೆ.

ದೊಡ್ಡ ಜೆಟ್ ವಿಮಾನ ಬಿಟ್ಟರೆ ಬೇಗ ತಲುಪುವುದಿಲ್ಲವೇ?

ಬಿಡುವುದೇ ಸದ್ಯಕ್ಕೆ ಕಷ್ಟ. ಮೈಸೂರಿನ ರನ್‌ವೇ 1,740 ಮೀಟರ್ ಉದ್ದವಿದೆ. ಏರ್‌ಬಸ್ 320 ಮಾದರಿಯ ವಿಮಾನಕ್ಕೆ ಪೂರ್ತಿ ಭಾರ ಹೊತ್ತು ಏರಲು ಸಮುದ್ರಮಟ್ಟದಲ್ಲಿಯೇ 2,000 ಮೀಟರಿಗಿಂತ ಹೆಚ್ಚು ಬೇಕು. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ. ಎತ್ತರಕ್ಕೆ ಹೋದಂತೆ, ಬಿಸಿಲು ಏರಿದಂತೆ ಗಾಳಿ ತೆಳುವಾಗುತ್ತದೆ. ಆಗ ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ತಗ್ಗಿ ಇನ್ನಷ್ಟು ಉದ್ದದ ಓಟ ಬೇಕಾಗುತ್ತದೆ. ಎಟಿಆರ್ 72ಕ್ಕೆ ಸಮುದ್ರಮಟ್ಟದಲ್ಲಿ ಸುಮಾರು 1,300 ಮೀಟರ್ ಸಾಕಾಗುವುದರಿಂದ ಮೈಸೂರಿನಲ್ಲಿ ಅದಕ್ಕೆ ಅಡ್ಡಿಯಿಲ್ಲ.

ರನ್‌ವೇಯನ್ನು ಉದ್ದ ಮಾಡುವ ಯೋಜನೆ ಬಹಳ ಕಾಲದಿಂದ ಚರ್ಚೆಯಲ್ಲಿದೆ. ಮೈಸೂರು–ನಂಜನಗೂಡು ಹೆದ್ದಾರಿ ಮತ್ತು ಚಾಮರಾಜನಗರದ ಕಡೆಗೆ ಹೋಗುವ ರೈಲುಮಾರ್ಗ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುವುದು ಅದಕ್ಕಿರುವ ಮುಖ್ಯ ತೊಡಕು. ಜೆಟ್ ಬಂದರೆ ಮೈಸೂರಿಗೆ ದೆಹಲಿ, ಮುಂಬಯಿಗಳ ನೇರ ಸಂಪರ್ಕ ಸಿಗುವುದು ದೊಡ್ಡ ಲಾಭವೇ. ಆದರೆ ಬೆಂಗಳೂರಿನ ಹಾರಾಟಕ್ಕೆ ಅದರಿಂದ ಉಳಿಯುವುದು ನಾಲ್ಕೈದು ನಿಮಿಷ ಮಾತ್ರ, ಏಕೆಂದರೆ ಇಷ್ಟು ಚಿಕ್ಕ ದಾರಿಯಲ್ಲಿ ಜೆಟ್ ತನ್ನ ವೇಗವನ್ನು ಮುಟ್ಟುವ ಮೊದಲೇ ಇಳಿಯಬೇಕಾಗುತ್ತದೆ.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಒಟ್ಟು ಎಷ್ಟು ಹೊತ್ತು?

ಒಂದು ಉದಾಹರಣೆ ನೋಡೋಣ. ಮಲ್ಲೇಶ್ವರದ ಮನೆಯಿಂದ ಮೈಸೂರಿನ ಸರಸ್ವತಿಪುರಂಗೆ ಹೊರಟಿದ್ದೀರಿ ಎಂದುಕೊಳ್ಳಿ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯನ್ನು ಸೇರಿಸಿ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಹಿಡಿಯಿರಿ. ಲಗೇಜ್ ಒಪ್ಪಿಸುವವರಿಗೆ ಚೆಕ್‌-ಇನ್ ಕೌಂಟರುಗಳು ಸಾಮಾನ್ಯವಾಗಿ ಹೊರಡುವ ವೇಳೆಗೆ 60 ನಿಮಿಷ ಮೊದಲೇ ಮುಚ್ಚುವುದರಿಂದ, ಭದ್ರತಾ ತಪಾಸಣೆಯ ಸಾಲನ್ನೂ ಗಮನಿಸಿ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಬಳಿಕ ಬ್ಲಾಕ್ ಟೈಮ್ ಐವತ್ತೈದು ನಿಮಿಷ. ಮಂಡಕಳ್ಳಿಯಲ್ಲಿ ಇಳಿದು ಲಗೇಜ್ ಪಡೆಯಲು ಹದಿನೈದು ನಿಮಿಷ. ಅಲ್ಲಿಂದ ಸರಸ್ವತಿಪುರಂಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಒಟ್ಟು ನಾಲ್ಕು ಗಂಟೆ ಐದು ನಿಮಿಷವಾಯಿತು. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಆರನೆಯ ಒಂದು ಭಾಗದಷ್ಟೂ ಅಲ್ಲ.

ಅದೇ ಮನೆಯಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಬಂದು ವೇಗದ ರೈಲು ಹಿಡಿದರೆ ಹಳಿಯ ಮೇಲೆ ಸುಮಾರು ಎರಡು ಗಂಟೆ, ಸಾಮಾನ್ಯ ಎಕ್ಸ್‌ಪ್ರೆಸ್ಸಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಮೈಸೂರು ನಿಲ್ದಾಣ ಊರ ನಡುವೆಯೇ ಇರುವುದರಿಂದ ಸರಸ್ವತಿಪುರಂ ಅಲ್ಲಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಕಾರಿನವರಿಗೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಎಕ್ಸ್‌ಪ್ರೆಸ್ ವೇ ಇದೆ. ಅದರ ಮೇಲೆ ಒಂದೂವರೆ ಗಂಟೆ, ಎರಡೂ ನಗರಗಳೊಳಗಿನ ಸಂಚಾರವನ್ನು ಸೇರಿಸಿ ಮೂರು ಗಂಟೆಯ ಆಸುಪಾಸು. ನಗರದಿಂದ ನಗರಕ್ಕೆ ಹೋಗುವವರಿಗೆ ಈ ವಿಮಾನದಿಂದ ಸಮಯ ಉಳಿಯುವುದಿಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಮನೆ ರಾಜರಾಜೇಶ್ವರಿ ನಗರ, ಕೆಂಗೇರಿ ಅಥವಾ ಬನಶಂಕರಿಯ ಕಡೆ ಇದ್ದರಂತೂ ನೀವು ದೇವನಹಳ್ಳಿ ಮುಟ್ಟಿ ತಪಾಸಣೆ ಮುಗಿಸುವ ಹೊತ್ತಿಗೆ, ಅಲ್ಲೇ ಎಕ್ಸ್‌ಪ್ರೆಸ್ ವೇ ಹತ್ತಿದ ನೆರೆಯವರು ಶ್ರೀರಂಗಪಟ್ಟಣ ದಾಟಿರುತ್ತಾರೆ.

ಹಾಗಿದ್ದರೆ ಈ ಹಾರಾಟ ಯಾರಿಗೆ ಉಪಯೋಗ?

ಈಗಾಗಲೇ ವಿಮಾನ ನಿಲ್ದಾಣದ ಒಳಗೆ ಇರುವವರಿಗೆ. ದೆಹಲಿ, ಕೋಲ್ಕತ್ತ ಅಥವಾ ವಿದೇಶದಿಂದ ಬಂದು ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ನಗರದ ಸಂಚಾರಕ್ಕೆ ಸಿಲುಕುವುದೇ ಇಲ್ಲ. ಅವರ ಪಾಲಿಗೆ 190 ಕಿಲೋಮೀಟರ್ ರಸ್ತೆಯ ಬದಲು ಒಂದು ಗಂಟೆಯ ವಿಮಾನ ಎಂಬುದು ನಿಜವಾದ ಅನುಕೂಲ. ಆದರೆ ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್ ಸಂಖ್ಯೆಯಲ್ಲಿ ಇರುವಂತೆ ನೋಡಿಕೊಳ್ಳಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಮಾಡುವ ಹೊಣೆ ವಿಮಾನ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಪಡೆದಿದ್ದರೆ ಎರಡನೆಯ ವಿಮಾನದವರ ದೃಷ್ಟಿಯಲ್ಲಿ ನೀವು ಸಮಯಕ್ಕೆ ಬಾರದ ಪ್ರಯಾಣಿಕರು ಮಾತ್ರ. ಹಾಗೆ ಪಡೆಯಲೇಬೇಕಾದರೆ ನಡುವೆ ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ.

ಬೆಂಗಳೂರು–ಮೈಸೂರು ನೇರ ವಿಮಾನ ಯಾವಾಗಲೂ ಇರುತ್ತದೆಯೇ?

ಇಲ್ಲ. ಈ ಸೇವೆ ಆರಂಭವಾಗಿ, ನಿಂತು, ಮತ್ತೆ ಆರಂಭವಾದ ಚರಿತ್ರೆ ಹೊಂದಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಈ ನಿಲ್ದಾಣ ನವೀಕರಣಗೊಂಡು 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಹಾರಾಟ ಆರಂಭಿಸಿತು. ಆ ಸಂಸ್ಥೆ 2012ರಲ್ಲಿ ತನ್ನ ಎಲ್ಲ ಹಾರಾಟಗಳನ್ನು ನಿಲ್ಲಿಸಿತು. ಮುಂದೆ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಅಡಿಯಲ್ಲಿ 2019ರಲ್ಲಿ ಅಲಯನ್ಸ್ ಏರ್ ಈ ಮಾರ್ಗಕ್ಕೆ ಬಂತು. ಉಡಾನ್ ಯೋಜನೆಯಲ್ಲಿ ಆಯ್ದ ಮಾರ್ಗಗಳ ನಷ್ಟವನ್ನು ತುಂಬಿಕೊಡಲು ಸರ್ಕಾರ ನಿಗದಿತ ಅವಧಿಗೆ ನೆರವು ನೀಡುತ್ತದೆ, ಅವಧಿ ಮುಗಿದ ಮೇಲೆ ಮಾರ್ಗ ತನ್ನ ಕಾಲಮೇಲೆ ನಿಲ್ಲಬೇಕು. ರೈಲು, ರಸ್ತೆಗಳೆರಡೂ ಇಷ್ಟು ಚೆನ್ನಾಗಿರುವ ಕಡೆ ಅದು ಸುಲಭವಲ್ಲ. ವಿಮಾನ ಸಂಸ್ಥೆಗಳ ವೇಳಾಪಟ್ಟಿ ಮಾರ್ಚ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ ಬದಲಾಗುತ್ತದೆ. ಆದ್ದರಿಂದ ಪ್ರಯಾಣದ ದಿನಾಂಕಕ್ಕೆ ಸೇವೆ ಇದೆಯೇ ಎಂಬುದನ್ನು ಸಂಸ್ಥೆಯ ಆ್ಯಪ್‌ನಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಬೇಕು.

ವಿಮಾನ ಇಲ್ಲದಿದ್ದರೆ ದೇವನಹಳ್ಳಿಯಿಂದ ಮೈಸೂರಿಗೆ ಸುಲಭದ ದಾರಿ ಯಾವುದು?

ಕೆಎಸ್‌ಆರ್‌ಟಿಸಿಯ ಹವಾನಿಯಂತ್ರಿತ ಫ್ಲೈಬಸ್. ಟರ್ಮಿನಲ್ ಬಳಿಯೇ ಹತ್ತಿದರೆ ಮೈಸೂರಿನಲ್ಲೇ ಇಳಿಯಬಹುದು, ನಡುವೆ ಲಗೇಜ್ ಎಳೆದುಕೊಂಡು ಬಸ್ ಬದಲಿಸುವ ಕಷ್ಟವಿಲ್ಲ. ಸಂಚಾರದ ದಟ್ಟಣೆಗೆ ತಕ್ಕಂತೆ ನಾಲ್ಕು ಗಂಟೆಯ ಆಸುಪಾಸು ಹಿಡಿಯುತ್ತದೆ. ನಡುರಾತ್ರಿ ಬಂದಿಳಿಯುವ ಹಿರಿಯರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಆಸನ ಮುಂಗಡ ಕಾಯ್ದಿರಿಸುವಾಗ ವಿಮಾನ ಇಳಿಯುವ ವೇಳೆಗೂ ಬಸ್ ಹೊರಡುವ ವೇಳೆಗೂ ನಡುವೆ ಒಂದೂವರೆ ಗಂಟೆಯಾದರೂ ಇರಲಿ.

ಚಳಿಗಾಲದ ಮಂಜು ಈ ಹಾರಾಟವನ್ನು ಬಾಧಿಸುತ್ತದೆಯೇ?

ನವೆಂಬರಿನಿಂದ ಫೆಬ್ರುವರಿಯವರೆಗೆ ದೇವನಹಳ್ಳಿಯ ಬಯಲಿನಲ್ಲಿ ಮುಂಜಾನೆ ದಟ್ಟ ಮಂಜು ಕವಿಯುವುದುಂಟು. ಬೆಂಗಳೂರಿನ ದಕ್ಷಿಣದ ರನ್‌ವೇಯಲ್ಲಿ ಬಹಳ ಕಡಿಮೆ ಗೋಚರತೆಯಲ್ಲೂ ವಿಮಾನ ಇಳಿಸಲು ನೆರವಾಗುವ ಕ್ಯಾಟ್ ಮೂರು ಬಿ ಉಪಕರಣ ವ್ಯವಸ್ಥೆ ಇದೆ. ಆದರೆ ಅದರ ಪ್ರಯೋಜನ ಪಡೆಯಲು ವಿಮಾನದಲ್ಲೂ ತಕ್ಕ ಸಾಧನಗಳಿರಬೇಕು, ಪೈಲಟ್‌ಗೂ ತರಬೇತಿ ಇರಬೇಕು. ಸಣ್ಣ ನಿಲ್ದಾಣಗಳಲ್ಲಿ ಅಂಥ ವ್ಯವಸ್ಥೆ ಇರುವುದಿಲ್ಲ, ಅಲ್ಲಿ ಮಂಜು ಕರಗುವವರೆಗೆ ಕಾಯುವುದೇ ದಾರಿ. ನಲವತ್ತು ನಿಮಿಷದ ಹಾರಾಟ ಎರಡು ಗಂಟೆ ತಡವಾದರೆ ಉಳಿತಾಯದ ಮಾತೇ ಇರದು. ಡಿಸೆಂಬರ್–ಜನವರಿಯಲ್ಲಿ ಬೆಳಿಗ್ಗೆ ಒಂಬತ್ತರ ನಂತರದ ವಿಮಾನ ಆರಿಸಿಕೊಳ್ಳುವುದು ವಿವೇಕ.

ಬೆಸ ಸಂಖ್ಯೆಯ ವರ್ಷಗಳ ಫೆಬ್ರುವರಿಯಲ್ಲಿ ಇನ್ನೊಂದು ಕಾರಣಕ್ಕೂ ಎಚ್ಚರ ಬೇಕು. ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ದಿನಗಳಲ್ಲಿ ದಿನದ ಕೆಲವು ಗಂಟೆಗಳ ಕಾಲ ಬೆಂಗಳೂರಿನ ಪ್ರಯಾಣಿಕ ವಿಮಾನಗಳ ವೇಳೆ ಬದಲಾಗುತ್ತದೆ.

ಹಾರಾಟ ತಡವಾದರೆ ಅಥವಾ ರದ್ದಾದರೆ ನಮಗೇನು ಹಕ್ಕಿದೆ?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಇಲ್ಲಿ ಅನ್ವಯಿಸುತ್ತವೆ, ಮತ್ತು ಅವು ಪ್ರಯಾಣಿಕರ ಹಕ್ಕನ್ನು ಅಳೆಯುವುದು ಮೇಲೆ ಹೇಳಿದ ಬ್ಲಾಕ್ ಟೈಮ್‌ನಿಂದಲೇ. ಬ್ಲಾಕ್ ಟೈಮ್ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗುವಂತಿದ್ದರೆ, ಸಮಯಕ್ಕೆ ಚೆಕ್‌-ಇನ್ ಮಾಡಿದ ಪ್ರಯಾಣಿಕರಿಗೆ ಊಟ ಅಥವಾ ಉಪಾಹಾರ ಕೊಡಬೇಕು. ಮುಂಚಿತವಾಗಿ ಸರಿಯಾಗಿ ತಿಳಿಸದೆ ರದ್ದು ಮಾಡಿದರೆ, ಬ್ಲಾಕ್ ಟೈಮ್ ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ ಅಥವಾ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆ ಇರುವ ಮೊತ್ತ ಪರಿಹಾರವಾಗಿ ಸಿಗಬೇಕು. ಮಂಜು, ಬಿರುಗಾಳಿ, ವಾಯುಸಂಚಾರ ನಿಯಂತ್ರಣದ ಅಡಚಣೆಗಳಂಥ, ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಈ ಪರಿಹಾರ ಇಲ್ಲ. ಕೌಂಟರಿನಲ್ಲಿ ಕೇಳದೆ ಯಾರೂ ತಾವಾಗಿ ಇವನ್ನೆಲ್ಲ ವಿವರಿಸುವುದು ಕಡಿಮೆ. ಆದ್ದರಿಂದ ತಡವಾದ ಕಾರಣವನ್ನು ಬರಹದಲ್ಲಿ, ಕನಿಷ್ಠ ಒಂದು ಸಂದೇಶದ ರೂಪದಲ್ಲಾದರೂ ಪಡೆದುಕೊಳ್ಳಿ.

150 ಕಿಲೋಮೀಟರಿನ ನಿಯಮ ಎಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇನು?

ಬೆಂಗಳೂರು ವಿಮಾನ ನಿಲ್ದಾಣವನ್ನು ಕಟ್ಟುವಾಗ ಮಾಡಿಕೊಂಡ ರಿಯಾಯಿತಿ ಒಪ್ಪಂದದಲ್ಲಿ, ಅಂದರೆ ನಿಲ್ದಾಣವನ್ನು ಕಟ್ಟಿ ನಡೆಸುವ ಹಕ್ಕು ಕೊಡುವ ಒಪ್ಪಂದದಲ್ಲಿ, ಒಂದು ಷರತ್ತಿದೆ. ನಿಲ್ದಾಣ ಆರಂಭವಾಗಿ ಇಪ್ಪತ್ತೈದು ವರ್ಷ ತುಂಬುವವರೆಗೆ ಅದರಿಂದ 150 ಕಿ.ಮೀ. ವಾಯುದೂರದೊಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ. ಮೈಸೂರು ಮತ್ತು ಹಾಸನಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ದೇವನಹಳ್ಳಿಯ ನಿಲ್ದಾಣ 2008ರ ಮೇ 24ರಂದು ಆರಂಭವಾದ್ದರಿಂದ ಈ ಅವಧಿ 2033ರವರೆಗೆ ಇರುತ್ತದೆ. ಹೊಸೂರಿನ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಈ ಷರತ್ತು ಮುನ್ನೆಲೆಗೆ ಬರುವುದು ಇದೇ ಕಾರಣಕ್ಕೆ. ಷರತ್ತಿನಲ್ಲಿರುವುದು ರಸ್ತೆಯ ದೂರವಲ್ಲ, ವಾಯುದೂರ. ನಾವು ಮೇಲೆ ಲೆಕ್ಕ ಹಾಕಿದ 156ನ್ನು ಇದರ ಪಕ್ಕದಲ್ಲಿಟ್ಟರೆ, ವಿನಾಯಿತಿ ಇಲ್ಲದಿದ್ದರೂ ಮೈಸೂರಿನ ಈಗಿನ ನಿಲ್ದಾಣ ಆ ವೃತ್ತದ ಸ್ವಲ್ಪ ಆಚೆಗೇ ಬೀಳುತ್ತದೆ ಎಂಬುದು ಕುತೂಹಲದ ಸಂಗತಿ.

ಬೆಂಗಳೂರಿನಿಂದ ರಾಜ್ಯದ ಬೇರೆ ನಿಲ್ದಾಣಗಳು ಎಷ್ಟು ದೂರ? ಎಲ್ಲಿಂದ ವಿಮಾನ ಲಾಭದಾಯಕ?

ನೇರ ಗೆರೆಯಲ್ಲಿ ಶಿವಮೊಗ್ಗದ ಸೋಗಾನೆ ಸುಮಾರು 240 ಕಿ.ಮೀ., ಬಳ್ಳಾರಿ ಸೀಮೆಯ ವಿದ್ಯಾನಗರ ಸುಮಾರು 250, ಮಂಗಳೂರಿನ ಬಜಪೆ ಸುಮಾರು 305, ಹುಬ್ಬಳ್ಳಿ 370, ಬೆಳಗಾವಿಯ ಸಾಂಬ್ರಾ 445, ಕಲಬುರಗಿ 460.

ಶಿವಮೊಗ್ಗದ್ದು ಗಡಿಯ ಮೇಲಿನ ಪ್ರಕರಣ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ, ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ಆ ನಿಲ್ದಾಣಕ್ಕೆ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಅಲ್ಲಿನ ರನ್‌ವೇ 3,200 ಮೀಟರ್, ಮೈಸೂರಿನದರ ಹೆಚ್ಚುಕಡಿಮೆ ಎರಡರಷ್ಟು. ಬೆಂಗಳೂರಿನ ಉತ್ತರ ಭಾಗದವರಿಗೆ, ರಸ್ತೆಯಲ್ಲಿ ಆರು ಗಂಟೆಯ ಶಿವಮೊಗ್ಗಕ್ಕೆ ವಿಮಾನದಿಂದ ಒಂದೆರಡು ಗಂಟೆ ಉಳಿಯುತ್ತದೆ. ದಕ್ಷಿಣ ಭಾಗದವರಿಗೆ ಜನಶತಾಬ್ದಿ ರೈಲು ಅಷ್ಟೇ ಅನುಕೂಲ.

ಮಂಗಳೂರಿನ ವಿಷಯದಲ್ಲಿ ಸಂದೇಹವೇ ಬೇಡ. ಅಲ್ಲಿ ನಡುವೆ ಇರುವುದು ಪಶ್ಚಿಮಘಟ್ಟ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆಯ ಏಳೆಂಟು ಗಂಟೆ ಎಷ್ಟಾಗುತ್ತದೆ ಎಂದು ಯಾರೂ ಹೇಳಲಾರರು, ರೈಲುಮಾರ್ಗಕ್ಕೂ ಅದೇ ಅಪಾಯವಿದೆ. ಆಕಾಶದಲ್ಲಿ ಅದು ಒಂದು ಗಂಟೆಯ ದಾರಿ. ನನ್ನ ತೀರ್ಮಾನ ಹೀಗಿದೆ: ಬಯಲುಸೀಮೆಯ ನೇರ ರಸ್ತೆ ಮತ್ತು ಒಳ್ಳೆಯ ರೈಲು ಇರುವ ಕಡೆ 250 ಕಿ.ಮೀ. ವಾಯುದೂರದ ಒಳಗೆ ವಿಮಾನಕ್ಕೆ ಲಾಭವಿಲ್ಲ, ನಡುವೆ ಘಟ್ಟ ಇದ್ದರೆ ಅದಕ್ಕಿಂತ ಹತ್ತಿರದಲ್ಲೂ ಇರಬಹುದು.

ಕರ್ನಾಟಕದಲ್ಲಿ ಇದಕ್ಕಿಂತಲೂ ಹತ್ತಿರದ ನಿಲ್ದಾಣಗಳಿವೆಯೇ?

ಇವೆ. ಹುಬ್ಬಳ್ಳಿ ಮತ್ತು ಬೆಳಗಾವಿ ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ ಸುಮಾರು 75 ಕಿ.ಮೀ. ಮಾತ್ರ. ಅವುಗಳ ನಡುವೆ ಹಾರುವ ಅಗತ್ಯ ಯಾರಿಗೂ ಬೀಳದು. ಆದರೆ ಬೆಂಗಳೂರಿನಿಂದ ಧಾರವಾಡ, ಕಿತ್ತೂರು, ಬೈಲಹೊಂಗಲಗಳಿಗೆ ಹೋಗುವವರು ಟಿಕೆಟ್ ಹುಡುಕುವಾಗ ಎರಡೂ ನಿಲ್ದಾಣಗಳ ದರ ಮತ್ತು ವೇಳೆಯನ್ನು ಹೋಲಿಸಿ ನೋಡಬೇಕು. ಇದರಿಂದ ಹಣವೂ ಉಳಿಯಬಹುದು, ಒಂದರ ಹಾರಾಟ ರದ್ದಾದರೆ ಇನ್ನೊಂದರಲ್ಲಿ ದಾರಿಯೂ ಸಿಗಬಹುದು.

ಮೈಸೂರಿನ ವಿಮಾನದಲ್ಲಿ ಯಾವ ಬದಿಯ ಕಿಟಕಿ ಒಳ್ಳೆಯದು?

ಹೋಗುವಾಗ ಬಲಬದಿ. ಎಟಿಆರ್ ವಿಮಾನದ ರೆಕ್ಕೆ ಮೈಯ ಮೇಲ್ಭಾಗದಲ್ಲಿ ಇರುವುದರಿಂದ ಯಾವ ಸಾಲಿನಲ್ಲಿ ಕುಳಿತರೂ ಕೆಳಗಿನ ನೆಲ ಮರೆಯಾಗುವುದಿಲ್ಲ, ಎತ್ತರವೂ ಕಡಿಮೆಯಾದ್ದರಿಂದ ಕೆರೆ, ತೋಟಗಳು ಒಂದೊಂದಾಗಿ ಗುರುತು ಸಿಗುತ್ತವೆ. ನೇರ ಗೆರೆ ಹಿಡಿದರೆ ಬಲಕ್ಕೆ ಸಾವನದುರ್ಗದ ಬೋಳು ಬಂಡೆ, ಎಡಕ್ಕೆ ರಾಮನಗರದ ಬೆಟ್ಟಗಳು, ಆಮೇಲೆ ಮದ್ದೂರಿನ ಆಸುಪಾಸಿನಿಂದ ಮುಂದಕ್ಕೆ ಕಬ್ಬು–ಭತ್ತದ ಹಸಿರು. ಮೋಡವಿಲ್ಲದ ದಿನ ಬಲಕ್ಕೆ ದೂರದಲ್ಲಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಕಾಣುತ್ತದೆ. ಪೂರ್ವದಿಂದ ಬಂದು ಇಳಿಯುವುದಾದರೆ ಚಾಮುಂಡಿ ಬೆಟ್ಟವೂ ಅದೇ ಬದಿಗೆ ಬರುತ್ತದೆ.

ಹಿರಿಯರಿಗೆ ಈ ಸಣ್ಣ ವಿಮಾನ ಹತ್ತುವುದು ಕಷ್ಟವೇ?

ಎಟಿಆರ್‌ಗೆ ಪ್ರಯಾಣಿಕರು ಹತ್ತುವುದು ಹಿಂಬದಿಯ ಬಾಗಿಲಿನಿಂದ. ಅದರ ಬಾಗಿಲೇ ಕೆಳಗಿಳಿದು ಕೆಲವೇ ಮೆಟ್ಟಿಲುಗಳ ಏಣಿಯಾಗುತ್ತದೆ, ದೊಡ್ಡ ವಿಮಾನದ ಏಣಿಯಷ್ಟು ಎತ್ತರವಿಲ್ಲ. ಆದರೆ ಇದಕ್ಕೆ ಏರೋಬ್ರಿಜ್ ಇರುವುದಿಲ್ಲ. ಬೆಂಗಳೂರಿನಲ್ಲಿ ಟರ್ಮಿನಲ್‌ನಿಂದ ಬಸ್ಸಿನಲ್ಲಿ ಕರೆದೊಯ್ದು ವಿಮಾನದ ಬಳಿ ಇಳಿಸುತ್ತಾರೆ, ಅಲ್ಲಿಂದ ಕೆಲವು ಹೆಜ್ಜೆ ಬಯಲಿನಲ್ಲಿ ನಡೆಯಬೇಕು, ಮಳೆ ಇದ್ದರೆ ಕೊಡೆ ಕೊಡುತ್ತಾರೆ. ಮಂಡಿನೋವಿನವರಿಗೆ ಮೆಟ್ಟಿಲಿಗಿಂತ ಬಸ್ಸಿನಲ್ಲಿ ನಿಂತು ಸಾಗುವುದೇ ಹೆಚ್ಚು ತ್ರಾಸ. ಗಾಲಿಕುರ್ಚಿಯ ನೆರವು ಬೇಕಿದ್ದರೆ ಟಿಕೆಟ್ ಪಡೆಯುವಾಗಲೇ, ತಡವೆಂದರೆ 48 ಗಂಟೆ ಮೊದಲು ತಿಳಿಸಿರಬೇಕು. ಮೆಟ್ಟಿಲು ಹತ್ತಲು ಸಾಧ್ಯವೇ ಇಲ್ಲವಾದರೆ ಅದನ್ನೂ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಗಾಲಿಕುರ್ಚಿಯನ್ನು ವಿಮಾನದ ಬಾಗಿಲಿನವರೆಗೆ ಎತ್ತುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ. ತಲೆಯ ಮೇಲಿನ ಲಗೇಜ್ ಗೂಡುಗಳೂ ಈ ವಿಮಾನದಲ್ಲಿ ಚಿಕ್ಕವು. ದಿನದ ಔಷಧಿ, ಕನ್ನಡಕ, ನೀರಿನ ಬಾಟಲಿಯನ್ನು ಕಾಲಬಳಿ ಇಟ್ಟುಕೊಳ್ಳಬಹುದಾದ ಸಣ್ಣ ಕೈಚೀಲದಲ್ಲಿ ಹಾಕಿ ಕೊಟ್ಟರೆ ಅವರು ಯಾರನ್ನೂ ಕರೆಯದೆ ತೆಗೆದುಕೊಳ್ಳಬಹುದು.